ಮತದಾರರ ಪಟ್ಟಿ, ಶಾಸಕರ ಲೆಕ್ಕ ಮತ್ತು ನಮ್ಮ ಹೊಣೆ

(ಪಟ್ಟಣವೊಂದರ ಮೊಹಲ್ಲಾ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



2023ರ ಮೇ 10ರಂದು ನಮ್ಮ ರಾಜ್ಯದ ವಿಧಾನಸಭೆಗೆ ಮತದಾನ ನಡೆಯಿತು. ಅಂದು ಮಧ್ಯಾಹ್ನ ಮತಗಟ್ಟೆಯೊಂದರ ಹೊರಗೆ ನಾವು ಕಂಡ ದೃಶ್ಯವೊಂದು ಇಂದಿಗೂ ಮನಸ್ಸಿನಿಂದ ಮರೆಯಾಗಿಲ್ಲ. ಎಪ್ಪತ್ತು ದಾಟಿದ ತಾಯಿಯೊಬ್ಬರು ಮೊಮ್ಮಗನ ಭುಜ ಹಿಡಿದು ಹೊರಬರುತ್ತಿದ್ದರು. ಕೈಯಲ್ಲಿ ಗುರುತಿನ ಚೀಟಿ ಇತ್ತು. ಬೆರಳಿನಲ್ಲಿ ಶಾಯಿಯ ಗುರುತು ಇರಲಿಲ್ಲ. ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಎರಡು ವರ್ಷಗಳ ಹಿಂದೆ ಅವರ ಕುಟುಂಬ ಹಳೆಯ ಬಾಡಿಗೆ ಮನೆಯನ್ನು ಬಿಟ್ಟು ಎರಡು ಬೀದಿಗಳಾಚೆ ಹೊಸ ಮನೆಗೆ ಹೋಗಿತ್ತು. ವಿದ್ಯುತ್ ಬಿಲ್ಲಿನ ವಿಳಾಸ ಬದಲಾಯಿತು, ಗ್ಯಾಸ್ ಸಂಪರ್ಕದ ವಿಳಾಸ ಬದಲಾಯಿತು, ಮತದಾರರ ಪಟ್ಟಿಯ ನೆನಪು ಯಾರಿಗೂ ಬರಲಿಲ್ಲ. ಹಳೆಯ ವಿಳಾಸದಲ್ಲಿ ಯಾರೂ ಇಲ್ಲವೆಂದು ಹೆಸರು ಹೋಯಿತು, ಹೊಸ ವಿಳಾಸದಲ್ಲಿ ಯಾರೂ ಅರ್ಜಿ ಹಾಕಲಿಲ್ಲ. ಆ ತಾಯಿ ನಮ್ಮನ್ನು ಕೇಳಿದ ಪ್ರಶ್ನೆ ಇಷ್ಟೇ: “ಮಗಾ, ನಾನು ಬದುಕಿದ್ದೇನೆ ಎಂದು ಇವರಿಗೆ ಹೇಳಬೇಕಾದವರು ಯಾರು?”

ಸಹೋದರರೇ, ಇಂದಿನ ನಮ್ಮ ಮಾತು ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ. ಆ ಮನೆಯಲ್ಲಿ ಪದವೀಧರ ಮೊಮ್ಮಕ್ಕಳಿದ್ದರು. ಆ ಬೀದಿಯಲ್ಲಿ ಮಸೀದಿ ಇತ್ತು, ಸಮಿತಿ ಇತ್ತು, ಯುವಕರ ಸಂಘ ಇತ್ತು. ಚುನಾವಣೆಯ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸಿದ ನಾವೂ ಇದ್ದೆವು. ಆದರೂ ಒಬ್ಬ ವೃದ್ಧೆಯ ಹೆಸರನ್ನು ಪಟ್ಟಿಯಲ್ಲಿ ಉಳಿಸಲು ನಮ್ಮಿಂದ ಆಗಲಿಲ್ಲ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳೋಣ. ಗುರುತಿನ ಚೀಟಿ ಇದ್ದರೆ ಮತದ ಹಕ್ಕು ಇದೆಯೆಂದು ನಮ್ಮಲ್ಲಿ ಬಹಳ ಮಂದಿ ಭಾವಿಸಿದ್ದಾರೆ. ಸತ್ಯವು ಇದಕ್ಕೆ ವಿರುದ್ಧವಾಗಿದೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 62ನೆಯ ಕಲಮಿನ ಪ್ರಕಾರ ಮತದ ಹಕ್ಕು ಪಟ್ಟಿಯಲ್ಲಿ ಹೆಸರಿರುವವನಿಗೆ. ಪಟ್ಟಿಯಲ್ಲಿ ಹೆಸರಿದ್ದು ಚೀಟಿ ಕಳೆದುಹೋದರೆ ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಆಧಾರ್, ಭಾವಚಿತ್ರವಿರುವ ಬ್ಯಾಂಕ್ ಪಾಸ್‌ಬುಕ್ ಮೊದಲಾದ ಬೇರೆ ದಾಖಲೆ ತೋರಿಸಿ ಮತ ಹಾಕಬಹುದು. ಆದರೆ ಚೀಟಿ ಇದ್ದು ಹೆಸರಿಲ್ಲದಿದ್ದರೆ ಮಾಡುವಂಥದ್ದೇನೂ ಉಳಿಯುವುದಿಲ್ಲ. ಮತದಾನದ ದಿನ ಎಚ್ಚೆತ್ತವನಿಗೆ ಕಾನೂನಿನಲ್ಲಿ ಮದ್ದಿಲ್ಲ.

ಹೆಸರಿನ ಮಹತ್ವವನ್ನು ಈ ದೇಶದ ಪ್ರಥಮ ಮಹಾ ಚುನಾವಣೆಯೇ ಕಲಿಸಿದೆ. 1951-52ರಲ್ಲಿ ಆ ಚುನಾವಣೆಯನ್ನು ನಡೆಸಿದವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್. ಉತ್ತರದ ಪ್ರಾಂತಗಳಲ್ಲಿ ಅನೇಕ ಮಹಿಳೆಯರು ತಮ್ಮ ಹೆಸರು ಹೇಳಲು ಹಿಂಜರಿದು ಇಂಥವರ ಪತ್ನಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದ ಯಾರೂ ಪಟ್ಟಿಯಲ್ಲಿರಬಾರದೆಂದು ಸೇನ್ ಪಟ್ಟು ಹಿಡಿದರು. ಪರಿಣಾಮವಾಗಿ ಸುಮಾರು 28 ಲಕ್ಷ ಮಹಿಳೆಯರ ನಮೂದುಗಳನ್ನು ಹೊಡೆದುಹಾಕಲಾಯಿತು. ಅವರಲ್ಲಿ ಎಲ್ಲ ಧರ್ಮದವರೂ ಇದ್ದರು. ಆ ಕಾಲ ಮುಗಿಯಿತೆಂದು ನಾವು ಹೇಳಬಲ್ಲೆವೇ? ನಮ್ಮ ಮನೆಯ ದಾಖಲೆಗಳನ್ನೇ ತೆರೆದು ನೋಡೋಣ. ತವರಿನಲ್ಲಿ ಫಾತಿಮಾ ಬಾನು, ಮದುವೆಯ ನಂತರ ಫಾತಿಮಾ ಬೇಗಂ, ಪಡಿತರ ಚೀಟಿಯಲ್ಲಿ ಫಾತಿಮಾಬಿ, ಆಧಾರ್‌ನಲ್ಲಿ ಪಾತಿಮ. ಗಂಡನ ಹೆಸರು ಒಂದೆಡೆ ಮುಹಮ್ಮದ್, ಇನ್ನೊಂದೆಡೆ ಮಹಮ್ಮದ್, ಮತ್ತೊಂದೆಡೆ ಬರೀ ಎಂಡಿ. ಮದ್ರಸದ ಸನದಿನಲ್ಲಿ ಒಂದು ಜನ್ಮ ದಿನಾಂಕ, ಶಾಲೆಯ ವರ್ಗಾವಣೆ ಪತ್ರದಲ್ಲಿ ಮತ್ತೊಂದು. ಪ್ರೀತಿಯ ಪ್ರವಾದಿ(ಸ)ಯವರ ಹೆಸರನ್ನು ಮಗುವಿಗಿಡಲು ತೋರುವ ಉತ್ಸಾಹದ ಹತ್ತನೆಯ ಒಂದು ಪಾಲನ್ನಾದರೂ ಅದನ್ನು ಎಲ್ಲೆಡೆ ಒಂದೇ ರೀತಿ ಬರೆಸುವುದರಲ್ಲಿ ನಾವು ತೋರಿದ್ದೇವೆಯೇ?

ಬರೆದಿಡುವುದು ನಮಗೆ ಹೊರಗಿನಿಂದ ಬಂದ ಕಟ್ಟಳೆಯಲ್ಲ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ವಚನ ಇರುವುದು ನಮಾಜಿನ ಬಗೆಗಲ್ಲ, ಉಪವಾಸದ ಬಗೆಗೂ ಅಲ್ಲ. ಅದು ಸಾಲದ ವ್ಯವಹಾರವನ್ನು ಬರೆದಿಡಬೇಕೆಂದೂ ಅದಕ್ಕೆ ಸಾಕ್ಷಿಗಳಿರಬೇಕೆಂದೂ ಬೋಧಿಸುತ್ತದೆ. ಮೊತ್ತ ಸಣ್ಣದೆಂದು ಬರೆಯಲು ಬೇಸರಿಸಬಾರದೆಂದು ಅಲ್ಲಿ ಎಚ್ಚರಿಸಲಾಗಿದೆ. ಅದರ ಮುಂದಿನ ವಚನದಲ್ಲಿ ಸಾಕ್ಷ್ಯವನ್ನು ಬಚ್ಚಿಡುವುದನ್ನು ಹೃದಯದ ಪಾಪವೆಂದು ಪರಿಗಣಿಸಲಾಗಿದೆ. ಮತವೆಂದರೆ ಒಬ್ಬ ಅಭ್ಯರ್ಥಿಯ ಅರ್ಹತೆಯ ಕುರಿತು ನೀಡುವ ಸಾಕ್ಷ್ಯವೆಂದು ಉಲಮಾಗಳು ವಿವರಿಸಿದ್ದಾರೆ. ಸಾಕ್ಷ್ಯ ನುಡಿಯಬೇಕಾದವನು ಸಾಕ್ಷಿಗಳ ಪಟ್ಟಿಯಲ್ಲೇ ಇಲ್ಲವೆಂದಾದರೆ ಆ ಹೊಣೆಯಿಂದ ಅವನು ಪಾರಾದನೆಂದು ಅರ್ಥವಲ್ಲ.

ಇನ್ನು ನಮ್ಮ ಅಲಕ್ಷ್ಯವೊಂದೇ ಕಾರಣವೆಂದು ಹೇಳಿ ಆಡಳಿತವನ್ನೂ ರಾಜಕೀಯವನ್ನೂ ದೋಷಮುಕ್ತಗೊಳಿಸುವುದು ನ್ಯಾಯವಲ್ಲ. ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದ ಸಂಗತಿ ನಿಮಗೆ ತಿಳಿದಿರಬಹುದು. 2023ರ ಚುನಾವಣೆಗೆ ಮುಂಚೆ ಅಲ್ಲಿ ಹೆಸರು ತೆಗೆದುಹಾಕುವಂತೆ ಕೋರಿ 6,018 ಅರ್ಜಿಗಳು ಆನ್‌ಲೈನ್ ಮೂಲಕ ಬಂದವು. ಪರಿಶೀಲಿಸಿದಾಗ ಅವುಗಳಲ್ಲಿ ನೈಜವಾದವು ಕೇವಲ 24. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು ಮತ್ತು 2023ರ ಫೆಬ್ರವರಿಯಲ್ಲಿ ಪೊಲೀಸ್ ಪ್ರಕರಣ ದಾಖಲಾಯಿತು. ಆ ಚುನಾವಣೆಯಲ್ಲಿ ಬಿ.ಆರ್. ಪಾಟೀಲರು ಗೆದ್ದ ಅಂತರ ಹತ್ತು ಸಾವಿರದಷ್ಟು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರಕಾರವು ತನಿಖೆಗಾಗಿ ವಿಶೇಷ ತಂಡವನ್ನು ರಚಿಸಿತು. ತಪ್ಪಿತಸ್ಥರು ಯಾರೆಂಬುದನ್ನು ನ್ಯಾಯಾಲಯ ನಿರ್ಧರಿಸಲಿ. ನಮಗೆ ಬೇಕಾದ ಪಾಠ ಬೇರೆ. ಆ ಹೆಸರುಗಳು ಉಳಿದದ್ದು ಸಕಾಲದಲ್ಲಿ ಗಮನಿಸಿದವರು ಇದ್ದುದರಿಂದ, ಗಮನಿಸಿದವರು ದೂರು ನೀಡಿದ್ದರಿಂದ, ದೂರಿನ ಮೇಲೆ ಅಧಿಕಾರಿಗಳು ಪರಿಶೀಲನೆ ನಡೆಸಿದ್ದರಿಂದ. ಈ ಮೂರರಲ್ಲಿ ಯಾವ ಕೊಂಡಿ ಕಳಚಿದ್ದರೂ ಫಲಿತಾಂಶ ಬೇರೆಯಾಗುತ್ತಿತ್ತು.

ಬಿಹಾರದ ಅನುಭವವನ್ನೂ ನೋಡಿ. 2025ರ ಜೂನ್ 24ರಂದು ಚುನಾವಣಾ ಆಯೋಗವು ಅಲ್ಲಿ ವಿಶೇಷ ತೀವ್ರ ಪರಿಷ್ಕರಣೆಗೆ ಆದೇಶ ನೀಡಿತು. 2003ರ ಪಟ್ಟಿಯಲ್ಲಿ ಹೆಸರಿಲ್ಲದವರು ದಾಖಲೆ ತೋರಿಸಬೇಕಾಯಿತು. ಆಗಸ್ಟ್ 1ರ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರುಗಳಿರಲಿಲ್ಲ. ಸತ್ತವರು, ವಲಸೆ ಹೋದವರು, ಎರಡು ಕಡೆ ಹೆಸರಿದ್ದವರು ಎಂಬುದು ಆಯೋಗದ ವಿವರಣೆ. ಅವರಲ್ಲಿ ನಿಜವಾಗಿ ತೀರಿಕೊಂಡವರು ಇದ್ದರು, ನಿಜ. ಆದರೆ ಸತ್ತವರೆಂದು ನಮೂದಾಗಿದ್ದ ಜೀವಂತ ವ್ಯಕ್ತಿಗಳನ್ನು ಸುಪ್ರೀಂ ಕೋರ್ಟಿನಲ್ಲೇ ಹಾಜರುಪಡಿಸಲಾಯಿತು. ಬಿಟ್ಟುಹೋದ ಹೆಸರುಗಳನ್ನು ಕಾರಣ ಸಹಿತ ಪ್ರಕಟಿಸಬೇಕೆಂದು ಆಗಸ್ಟ್ 14ರಂದೂ, ಆಧಾರ್ ಅನ್ನು ಗುರುತಿನ ದಾಖಲೆಯಾಗಿ ಸ್ವೀಕರಿಸಬೇಕೆಂದು ಸೆಪ್ಟೆಂಬರ್ 8ರಂದೂ ನ್ಯಾಯಾಲಯ ಆದೇಶಿಸಬೇಕಾಯಿತು. ಎರಡನೆಯ ಹಂತವನ್ನು 2025ರ ಅಕ್ಟೋಬರ್‌ನಲ್ಲಿ ಘೋಷಿಸಿದಾಗ ಅದರಲ್ಲಿ ನಮ್ಮ ನೆರೆಯ ಕೇರಳ, ತಮಿಳುನಾಡು, ಗೋವಾ ಇದ್ದವು. ಕರ್ನಾಟಕ ಆ ಹಂತದಲ್ಲಿ ಇರಲಿಲ್ಲ. ಆದರೆ ಕಾಸರಗೋಡಿಗೆ ಮದುವೆಯಾಗಿ ಹೋದ ನಮ್ಮ ಹೆಣ್ಣು ಮಕ್ಕಳು ತವರಿಗೆ ಫೋನ್ ಮಾಡಿ, ಅಪ್ಪನ ಹೆಸರು ಹಳೆಯ ಪಟ್ಟಿಯಲ್ಲಿ ಯಾವ ಭಾಗದಲ್ಲಿದೆ ಎಂದು ಕೇಳಿದಾಗ ಎಷ್ಟು ತಂದೆಯಂದಿರಿಗೆ ಉತ್ತರ ಗೊತ್ತಿತ್ತು?

ಭಯಪಡಬೇಕೆಂದು ನಾವು ಹೇಳುತ್ತಿಲ್ಲ. ಭಯವು ವದಂತಿಗೆ ತಾಯಿ. ಸಂವಿಧಾನದ 325ನೆಯ ವಿಧಿಯ ಪ್ರಕಾರ ಧರ್ಮ, ಜಾತಿ, ಜನಾಂಗ, ಲಿಂಗಗಳ ಕಾರಣ ಮಾತ್ರದಿಂದ ಯಾರನ್ನೂ ಪಟ್ಟಿಯಿಂದ ಹೊರಗಿಡುವಂತಿಲ್ಲ. ಪಟ್ಟಿಯಲ್ಲಿ ಈಗಾಗಲೇ ಇರುವ ವ್ಯಕ್ತಿಯ ಹೆಸರನ್ನು ನೋಟಿಸು ನೀಡದೆ, ಅವನ ಮಾತು ಆಲಿಸದೆ ತೆಗೆದುಹಾಕಬಾರದೆಂದು ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ 1995ರಲ್ಲೇ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ನೋಂದಣಿ ಅಧಿಕಾರಿಯ ತೀರ್ಮಾನ ತಪ್ಪೆಂದು ಕಂಡರೆ 15 ದಿನಗಳೊಳಗೆ ಜಿಲ್ಲಾಧಿಕಾರಿಗೆ, ಆನಂತರ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಹಕ್ಕು ಇದೆ, ದಾರಿಯೂ ಇದೆ. ಆದರೆ ಅವಧಿ ಮೀರಿದವನಿಗೆ ದಾರಿ ಮುಚ್ಚುತ್ತದೆ.

ದಾರಿ ಯಾವುದೆಂದು ಸರಳವಾಗಿ ಹೇಳುತ್ತೇವೆ, ಸಹೋದರಿಯರು ವಿಶೇಷವಾಗಿ ಗಮನಿಸಬೇಕು. ಹೊಸದಾಗಿ ಹೆಸರು ಸೇರಿಸಲು ನಮೂನೆ 6. ಹೆಸರು ತೆಗೆಯಲು ಅಥವಾ ಆಕ್ಷೇಪಿಸಲು ನಮೂನೆ 7. ವಿಳಾಸ ಬದಲಾವಣೆ, ತಿದ್ದುಪಡಿ, ಚೀಟಿಯ ಬದಲಿ ಪ್ರತಿ, ಅಂಗವೈಕಲ್ಯದ ನಮೂದು ಇವೆಲ್ಲಕ್ಕೂ ನಮೂನೆ 8. ಹಿಂದೆ ಜನವರಿ 1ಕ್ಕೆ 18 ತುಂಬಿದವರಿಗಷ್ಟೇ ಆ ವರ್ಷ ಅವಕಾಶವಿತ್ತು. 2021ರ ತಿದ್ದುಪಡಿಯ ನಂತರ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ 1ನೆಯ ತಾರೀಕುಗಳೆಲ್ಲ ಅರ್ಹತಾ ದಿನಾಂಕಗಳಾಗಿವೆ. ವಸತಿ ಮದ್ರಸಗಳಲ್ಲೂ ಹಾಸ್ಟೆಲುಗಳಲ್ಲೂ ಇರುವ ವಿದ್ಯಾರ್ಥಿಗಳು ಮನೆಯ ವಿಳಾಸ ಅಥವಾ ವಾಸದ ವಿಳಾಸ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು, ಎರಡನ್ನಲ್ಲ. ದುಬೈಯಲ್ಲೋ ಜಿದ್ದಾದಲ್ಲೋ ದುಡಿಯುತ್ತಿರುವ, ಬೇರೆ ದೇಶದ ಪೌರತ್ವ ಪಡೆಯದ ಸಹೋದರರು ನಮೂನೆ 6ಎ ಮೂಲಕ ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಗೆ ಸೇರಬಹುದು. ಆದರೆ ಮತದಾನದ ದಿನ ಮೂಲ ಪಾಸ್‌ಪೋರ್ಟಿನೊಂದಿಗೆ ಸ್ವತಃ ಮತಗಟ್ಟೆಗೆ ಬರಬೇಕು. 85 ದಾಟಿದ ಹಿರಿಯರೂ ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಉಳ್ಳವರೂ ನಮೂನೆ 12ಡಿ ಸಲ್ಲಿಸಿದರೆ ಮನೆಯಲ್ಲೇ ಮತ ಹಾಕಬಹುದು. ಪರದೆ ಪಾಲಿಸುವ ಮಹಿಳೆಯರ ಗುರುತನ್ನು ಮಹಿಳಾ ಸಿಬ್ಬಂದಿ ಪ್ರತ್ಯೇಕವಾಗಿ ಪರಿಶೀಲಿಸುವ ವ್ಯವಸ್ಥೆ ಆಯೋಗದ ನಿಯಮಗಳಲ್ಲೇ ಇದೆ. ಆದ್ದರಿಂದ ಪರದೆಯು ಮನೆಯಲ್ಲಿ ಕೂರಲು ನೆಪವಾಗಲಾರದು. ನಿಮ್ಮ ಹೆಸರಿನಲ್ಲಿ ಬೇರಾರೋ ಮತ ಹಾಕಿ ಹೋಗಿದ್ದರೆ ಅಳುತ್ತಾ ಮರಳಬೇಡಿ. ಗುರುತು ಸಾಬೀತಾದವರಿಗೆ ಟೆಂಡರ್ ಮತಪತ್ರ ನೀಡಬೇಕೆಂಬ ನಿಯಮವಿದೆ.

ಇಲ್ಲಿ ಪ್ರಾಮಾಣಿಕತೆಯ ಮಾತನ್ನೂ ಆಡಬೇಕು. ತೀರಿಹೋದ ತಂದೆಯ ಹೆಸರನ್ನು ಇರಲಿ ಬಿಡಿ ಎಂದು ಉಳಿಸಿಕೊಳ್ಳುವುದು, ಊರಲ್ಲೊಂದು ಬೆಂಗಳೂರಲ್ಲೊಂದು ಹೆಸರಿಟ್ಟುಕೊಳ್ಳುವುದು ಕಾನೂನಿನ ಪ್ರಕಾರ ತಪ್ಪು, ದೀನಿನ ಪ್ರಕಾರ ವಂಚನೆ. ಹಾಗೆಯೇ ಚುನಾವಣೆಯ ಹಿಂದಿನ ರಾತ್ರಿ ಬಾಗಿಲಿಗೆ ಬರುವ ಲಕೋಟೆ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ)ಯವರು ಶಪಿಸಿದ್ದಾರೆ ಎಂಬುದನ್ನು ಜುಮುಅದ ಖುತ್ಬಾದಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಆ ಲಕೋಟೆಯನ್ನು ಪಡೆದವನು ಐದು ವರ್ಷ ಶಾಸಕನನ್ನು ಯಾವ ಮುಖ ಇಟ್ಟುಕೊಂಡು ಪ್ರಶ್ನಿಸಬಲ್ಲ?

ಇದು ನಮ್ಮನ್ನು ಎರಡನೆಯ ವಿಷಯಕ್ಕೆ ತರುತ್ತದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಶಾಸಕರು ತಮ್ಮ ಕ್ಷೇತ್ರದ ನಿವಾಸಿಗಳಿಗೆ ಆಗಾಗ ವರದಿ ಪತ್ರ ಕಳುಹಿಸುವ ರೂಢಿಯಿದೆ. ಮತದಾರರಾಗಿ ನೋಂದಾಯಿಸಲು ಕೊನೆಯ ದಿನ ಯಾವುದು, ಚಳಿಗಾಲದ ಇಂಧನ ವೆಚ್ಚಕ್ಕೆ ನೆರವು ಪಡೆಯುವುದು ಹೇಗೆ, ಹಿರಿಯರಿಗೆ ಯಾವ ತೆರಿಗೆ ರಿಯಾಯಿತಿಯಿದೆ ಎಂಬುದೆಲ್ಲ ಅದರಲ್ಲಿರುತ್ತದೆ. ಆ ದೇಶದ ವಿದೇಶ ನೀತಿಯ ಬಗ್ಗೆ ನಮ್ಮ ಅಭಿಪ್ರಾಯವೇನೆಂದು ಓದುಗರಿಗೆ ಗೊತ್ತು. ಆದರೆ ಒಳ್ಳೆಯದು ಎಲ್ಲಿದ್ದರೂ ಅದು ಸತ್ಯವಿಶ್ವಾಸಿಯ ಕಳೆದುಹೋದ ಸೊತ್ತು. ನಮ್ಮಲ್ಲಿ ಶಾಸಕರು ಮದುವೆಗೆ ಬರುತ್ತಾರೆ, ಇಫ್ತಾರಿಗೆ ಬರುತ್ತಾರೆ, ಶಿಫಾರಸು ಪತ್ರ ಕೊಡುತ್ತಾರೆ. ಲೆಕ್ಕ ಕೊಡುವುದಿಲ್ಲ. ಕಾರಣ, ನಾವು ಲೆಕ್ಕ ಕೇಳುವುದಿಲ್ಲ.

ನಾವು ಕೇಳುವುದೇನು? ಖಬರಸ್ತಾನಕ್ಕೆ ಆವರಣ ಗೋಡೆ. ಅದೂ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಖಬರಸ್ತಾನಕ್ಕೆ ಹೋಗುವ ಮೊದಲು ಮನುಷ್ಯನಿಗೆ ಒಂದು ಬದುಕಿದೆಯಲ್ಲವೇ? 2022ರಲ್ಲಿ ಕೇಂದ್ರ ಸರಕಾರವು ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೆಯ ತರಗತಿಗಳಿಗೆ ಸೀಮಿತಗೊಳಿಸಿ 1ರಿಂದ 8ರವರೆಗಿನ ಮಕ್ಕಳಿಗೆ ನಿಲ್ಲಿಸಿತು. ಅದೇ ವರ್ಷ ಮೌಲಾನಾ ಆಝಾದ್ ಸಂಶೋಧನಾ ಫೆಲೋಶಿಪ್ ಕೊನೆಗೊಂಡ ಸುದ್ದಿ ಬಂತು. ಅಂದು ನಮ್ಮ ಪಟ್ಟಣದಿಂದ ಶಾಸಕರಿಗೂ ಸಂಸದರಿಗೂ ಹೋದ ಪತ್ರಗಳೆಷ್ಟು?

2023ರಲ್ಲಿ ರಾಜ್ಯದಲ್ಲಿ ಆರಂಭಗೊಂಡ ಗ್ಯಾರಂಟಿ ಯೋಜನೆಗಳ ಬಗ್ಗೆ ಪರ ವಿರೋಧ ಚರ್ಚೆಗಳು ಸಾಕಷ್ಟು ನಡೆದಿವೆ. ಅದರಲ್ಲಿನ ಒಂದು ಅಂಶದತ್ತ ಮಾತ್ರ ಗಮನ ಸೆಳೆಯುತ್ತೇವೆ. 2013ರ ಆಹಾರ ಭದ್ರತಾ ಕಾಯ್ದೆಯು ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ವಯಸ್ಕ ಮಹಿಳೆಯನ್ನೇ ಕುಟುಂಬದ ಮುಖ್ಯಸ್ಥೆಯಾಗಿ ಗುರುತಿಸಿತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಉದ್ಘಾಟನೆಗೊಂಡ ಗೃಹಲಕ್ಷ್ಮಿ ಯೋಜನೆಯು ತಿಂಗಳಿಗೆ 2,000 ರೂಪಾಯಿಯನ್ನು ಆ ಯಜಮಾನಿಯ ಖಾತೆಗೇ ಗೊತ್ತುಪಡಿಸಿತು. 1952ರಲ್ಲಿ ಹೆಸರಿಲ್ಲದೆ ಹೊರಬಿದ್ದ ಆ 28 ಲಕ್ಷ ಮಹಿಳೆಯರನ್ನು ನೆನೆಯಿರಿ. ಇಂದು ಹೆಣ್ಣಿನ ಹೆಸರು ಸರಿಯಾಗಿದ್ದರೆ ಮನೆಗೆ ಅಕ್ಕಿ, ಹಣ, ಮತ ಎಲ್ಲವೂ ಬರುತ್ತದೆ. ಹೆಸರು ತಪ್ಪಿದ್ದರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ. ಆಧಾರ್‌ಗೂ ಬ್ಯಾಂಕ್ ಖಾತೆಗೂ ಹೆಸರು ಹೊಂದಿಕೆಯಾಗದೆ ತಿಂಗಳುಗಟ್ಟಲೆ ಕಚೇರಿ ಅಲೆದ ಸಹೋದರಿಯರು ಈ ಸಭೆಯಲ್ಲೇ ಇದ್ದಾರೆ. ಅವರಿಗೆ ನೆರವಾಗಬೇಕಾದವರು ಚಹಾದಂಗಡಿಯಲ್ಲಿ ಕುಳಿತು ರಾಷ್ಟ್ರ ರಾಜಕೀಯ ವಿಶ್ಲೇಷಿಸುತ್ತಿದ್ದಾರೆ.

ಆಡಳಿತವನ್ನು ಕೇಳುವ ಅಸ್ತ್ರಗಳೂ ನಮ್ಮಲ್ಲಿವೆ. 2011ರ ಸಕಾಲ ಕಾಯ್ದೆಯ ಪ್ರಕಾರ ಗೊತ್ತುಪಡಿಸಿದ ಸೇವೆಗಳಿಗೆ ಅರ್ಜಿ ಹಾಕಿದಾಗ ಒಂದು ಸಂಖ್ಯೆ ಕೊಡಬೇಕು. ನಿಗದಿತ ದಿನದೊಳಗೆ ಕೆಲಸವಾಗದಿದ್ದರೆ ಅರ್ಜಿದಾರ ಮೇಲ್ಮನವಿ ಸಲ್ಲಿಸಿ ಪರಿಹಾರ ಕೋರಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 30 ದಿನಗಳೊಳಗೆ ಉತ್ತರ ನೀಡಬೇಕು, ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವೂ ಇಲ್ಲ. ತಾಲೂಕಿನ ಪ್ರಗತಿ ಪರಿಶೀಲನಾ ಸಭೆಗೆ ಶಾಸಕರೇ ಅಧ್ಯಕ್ಷರು. ವಸತಿ ಫಲಾನುಭವಿಗಳನ್ನು ಆರಿಸುವ ಆಶ್ರಯ ಸಮಿತಿಗೂ ಅವರೇ ಅಧ್ಯಕ್ಷರು. ಹಾಗಿರುವಾಗ ನಮ್ಮ ಪಟ್ಟಣದಲ್ಲಿ ವಿಧವಾ ವೇತನಕ್ಕೆ ಎಷ್ಟು ಅರ್ಜಿ ಬಂತು, ಎಷ್ಟು ತಿರಸ್ಕೃತವಾಯಿತು, ಏಕೆ ಎಂದು ವರ್ಷಕ್ಕೊಮ್ಮೆ ಲಿಖಿತವಾಗಿ ಹೇಳಿರಿ ಎಂದು ಶಾಸಕರನ್ನು ವಿನಂತಿಸುವುದು ದೊಡ್ಡ ಬೇಡಿಕೆಯೇ?

ಶಾಸಕರು ನಮ್ಮವರಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. 2023ರಲ್ಲಿ ಚುನಾಯಿತರಾದ 224 ಮಂದಿಯಲ್ಲಿ ಮುಸ್ಲಿಮರು 9. ಈ ಸಂಖ್ಯೆಯ ಕೊರತೆ ಪ್ರತ್ಯೇಕವಾಗಿ ಚರ್ಚಿಸಬೇಕಾದ ವಿಷಯ. ಆದರೆ ಉಳಿದ 215 ಕ್ಷೇತ್ರಗಳಲ್ಲಿ ವಾಸಿಸುವ ಮುಸ್ಲಿಮರಿಗೆ ಶಾಸಕರೇ ಇಲ್ಲವೇ? ನಾವು ಮತ ಹಾಕಿರಲಿ, ಹಾಕದಿರಲಿ, ಗೆದ್ದವರು ನಮ್ಮ ಶಾಸಕರು. ಅವರ ಬಾಗಿಲಿಗೆ ನಾವು ಭಿಕ್ಷುಕರಾಗಿಯೂ ಹೋಗಬೇಕಿಲ್ಲ, ಶತ್ರುಗಳಾಗಿಯೂ ಹೋಗಬೇಕಿಲ್ಲ. ನಾಗರಿಕರಾಗಿ ಹೋದರೆ ಸಾಕು. ನಮ್ಮೊಂದಿಗೆ ಪಕ್ಕದ ಬೀದಿಯ ಬಡ ಹಿಂದೂ, ಕ್ರೈಸ್ತ ಸಹೋದರರ ಅರ್ಜಿಗಳೂ ಇದ್ದರೆ ಆ ಬೇಡಿಕೆಗೆ ಇನ್ನಷ್ಟು ತೂಕ ಬರುತ್ತದೆ. ವಿಧವೆಯ ಹಸಿವಿಗೆ ಧರ್ಮವಿಲ್ಲ.

ಖಲೀಫ ಉಮರ್(ರ)ರವರು ಹಿಜರಿ 20ರ ಸುಮಾರಿಗೆ ದೀವಾನ್ ಎಂಬ ದಾಖಲೆ ಪುಸ್ತಕವನ್ನು ಸ್ಥಾಪಿಸಿದರು. ಸಾರ್ವಜನಿಕ ನಿಧಿಯಿಂದ ಯಾರಿಗೆ ಎಷ್ಟು ಸಲ್ಲಬೇಕೆಂದು ಅದರಲ್ಲಿ ಹೆಸರು ಹೆಸರಾಗಿ ಬರೆಯಲಾಗುತ್ತಿತ್ತು. ತನ್ನ ಕುಟುಂಬದ ಹೆಸರನ್ನು ಮೊದಲು ಬರೆಯಲು ಅವರು ಒಪ್ಪಲಿಲ್ಲ. ಹಾಲು ಬಿಟ್ಟ ಮಗುವಿಗೆ ಮಾತ್ರ ಭತ್ಯೆ ಎಂಬ ನಿಯಮ ಮೊದಲಿತ್ತು. ಒಂದು ರಾತ್ರಿ ಅಳುವ ಮಗುವಿನ ದನಿ ಕೇಳಿ ವಿಚಾರಿಸಿದಾಗ, ಭತ್ಯೆ ಬೇಗ ಸಿಗಲೆಂದು ತಾಯಿ ಅದಕ್ಕೆ ಅವಧಿಗೆ ಮುನ್ನವೇ ಹಾಲು ಬಿಡಿಸುತ್ತಿರುವುದು ತಿಳಿಯಿತು. ಉಮರ್(ರ) ನಡುಗಿಹೋದರು. ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ಎಂದು ನಿಯಮವನ್ನೇ ಬದಲಾಯಿಸಿದರು. ಪಟ್ಟಿ ಬರೆಯುವುದು ಆಡಳಿತದ ಕೆಲಸ. ಪಟ್ಟಿಯ ನಿಯಮ ಮನೆಯೊಳಗೆ ಏನು ಮಾಡುತ್ತಿದೆಯೆಂದು ತಿಳಿಯುವುದು ಕೂಡ ಆಡಳಿತದ ಕೆಲಸ. ಇಂದಿನ ಶಾಸಕರು ರಾತ್ರಿ ಬೀದಿ ಸುತ್ತಬೇಕೆಂದು ನಾವು ಹೇಳುವುದಿಲ್ಲ. ಆದರೆ ಮಗು ಅಳುತ್ತಿದೆಯೆಂದು ಅವರಿಗೆ ಕೇಳಿಸುವಂತೆ ಹೇಳುವುದು ನಮ್ಮ ಹೊಣೆ.

ಕೊನೆಯದಾಗಿ ಈ ಸಭೆಯ ಮುಂದೆ ಕೆಲವು ಕೆಲಸಗಳನ್ನಿಡುತ್ತೇವೆ. ಪ್ರತಿ ಮಸೀದಿ ಸಮಿತಿಯು ತನ್ನ ಮೊಹಲ್ಲಾದ ಮತದಾರರ ಪಟ್ಟಿಯ ಪ್ರತಿಯನ್ನು ತರಿಸಿ ಮನೆ ಮನೆಗೆ ಹೋಲಿಸಿ ನೋಡಲಿ. ಇಬ್ಬರು ಯುವಕರು, ಇಬ್ಬರು ಯುವತಿಯರು ಸಾಕು. ತಿಂಗಳಿಗೊಮ್ಮೆ ಜುಮುಅದ ಬಳಿಕ ಒಂದು ಗಂಟೆ ಅರ್ಜಿ ತುಂಬುವ ಮೇಜು ಇರಲಿ, ಅಲ್ಲಿ ಯಾವ ಧರ್ಮದವರು ಬಂದರೂ ನೆರವು ಸಿಗಲಿ. ಪ್ರತಿ ಮನೆಯಲ್ಲೂ ಒಂದು ಕಡತವಿರಲಿ. ಜನನ ಪತ್ರ, ಶಾಲಾ ದಾಖಲೆ, ಪಡಿತರ ಚೀಟಿ, ಹಳೆಯ ಪಟ್ಟಿಯ ಪುಟ ಅದರಲ್ಲಿರಲಿ. ನಿಕಾಹ್ ಆದ ಮರುತಿಂಗಳೇ ವಧುವಿನ ಹೆಸರು ಗಂಡನ ಮನೆಯ ವಿಳಾಸಕ್ಕೆ ವರ್ಗವಾಗಲಿ. ಮರಣ ಸಂಭವಿಸಿದಾಗ ಹೆಸರು ತೆಗೆಸುವುದೂ ವಾರಸುದಾರರ ಕರ್ತವ್ಯವಾಗಲಿ. ವರ್ಷಕ್ಕೊಮ್ಮೆ ಶಾಸಕರನ್ನು ಆಹ್ವಾನಿಸೋಣ, ಸನ್ಮಾನಕ್ಕಲ್ಲ, ಲೆಕ್ಕ ಕೇಳಲು. ಶಾಲು ಹಾರದ ಹಣದಲ್ಲಿ ನಮೂನೆಗಳ ಪ್ರತಿ ಮಾಡಿಸೋಣ.

ಅಂದು ಮತಗಟ್ಟೆಯಿಂದ ಮರಳಿದ ಆ ತಾಯಿಯ ಹೆಸರು ಆನಂತರ ಪಟ್ಟಿಗೆ ಸೇರಿತು. ಅವರ ಮೊಮ್ಮಗ ನಮೂನೆ ತುಂಬಿದ್ದು ಹದಿನೈದು ನಿಮಿಷಗಳಲ್ಲಿ. 2024ರ ಲೋಕಸಭಾ ಚುನಾವಣೆಯಲ್ಲಿ ಅವರು ಮತ ಹಾಕಿ ಬಂದು ಬೆರಳನ್ನು ನಮಗೆ ತೋರಿಸಿದರು. ಯಾರಿಗೆ ಹಾಕಿದಿರಿ ಎಂದು ನಾವು ಕೇಳಲಿಲ್ಲ, ಅದು ಅವರ ಸಾಕ್ಷ್ಯ. ಆ ಹದಿನೈದು ನಿಮಿಷಗಳನ್ನು ಒಂದು ವರ್ಷ ಮೊದಲು ಕೊಡದಿದ್ದುದಕ್ಕಾಗಿ ನಾಳೆ ಅಲ್ಲಾಹನ ಮುಂದೆ ಉತ್ತರಿಸಬೇಕಾದವರಲ್ಲಿ ನಾವೂ ಸೇರಿದ್ದೇವೆ. ನಮ್ಮ ಮೇಲಿರುವ ಅಮಾನತ್ತನ್ನು ಅರಿತು ನಿರ್ವಹಿಸುವ ಸೌಭಾಗ್ಯವನ್ನು ಅವನು ನಮಗೆಲ್ಲ ಕರುಣಿಸಲಿ. ಆಮೀನ್.